ಕಾವಲಿಗಿಟ್ಟ ಬಲ್ಬು

ಅಕ್ಕನಿಗೆ ಕಿವಿ ಮಂದ. ತೀರಿಕೊಂಡ ಅಮ್ಮನ ಹಾಡಿನ ಕ್ಯಾಸೆಟ್ ಅವಳಿಗೆ ಕೇಳಿಸಲೇಬೇಕೆಂದು ದರ್ಜಿಯಾಗಿದ್ದ ಅವಳ ತಮ್ಮ, ಮನೆಯಲ್ಲೇ ದನಿ ಹೆಚ್ಚಿಸುವ ಆಂಪ್ಲಿಫೈಯರ್ ಕಟ್ಟಿದ. ಬಿಸಿಯಾಗದಿರಲೆಂದು ಬೇಕಾದ್ದಕ್ಕಿಂತ ಕೊಂಚ ದೊಡ್ಡ ಟ್ರಾನ್ಸ್‌ಫಾರ್ಮರನ್ನೇ ಆರಿಸಿ ತಂದಿದ್ದ.

"ಮನೆ ಸುಟ್ಟುಬಿಟ್ಟೀಯ ಕಣೋ!"

"ಅದಕ್ಕೇ ಅಕ್ಕ, ಕರೆಂಟ್ ಬರೋ ದಾರೀಲಿ ಬಲ್ಬ್ ಕಾವಲಿಗಿಟ್ಟಿದ್ದೀನಿ. ನಾನು ತಪ್ಪಿದ್ರೆ ಅದು ಜೋರಾಗಿ ಉರಿಯುತ್ತೆ, ಟ್ರಾನ್ಸ್‌ಫಾರ್ಮರ್ ಉಳಿಯುತ್ತೆ," ಎಂದು ಕೂಗಿ ಹೇಳಿದ.

ಸ್ವಿಚ್ ಹಾಕಿದ್ದೇ ಬಲ್ಬು ಝಗ್ಗನೆ ಉರಿಯಿತು. ತಟ್ಟನೆ ಆರಿಸಿ ನೋಡಿದರೆ, ಟ್ರಾನ್ಸ್‌ಫಾರ್ಮರಿನಲ್ಲಿ ಜೋಡಿಸಿದ್ದ ಎರಡು ತಂತಿ ಸುರುಳಿಗಳಲ್ಲಿ ಒಂದರ ತುದಿಗಳು ಅದಲುಬದಲು. ಎಡತೋಳನ್ನು ಬಲಕ್ಕೆ ಹೊಲಿದ ಹಾಗಾಗಿತ್ತು! ಬಿಚ್ಚಿ ಸರಿಯಾಗಿ ಬೆಸೆದ. ಈ ಸಲ ಬಲ್ಬು ಮಿನುಗಿ ಮಂಕಾಯಿತು.

ಕ್ಯಾಸೆಟ್ ಹಾಕಿದಾಗ ಅಮ್ಮನ ದನಿ ಕೋಣೆ ತುಂಬಿತು. ಅಕ್ಕ ಕಣ್ಣೊರೆಸಿಕೊಂಡು ತಮ್ಮನ ತಲೆ ಸವರಿದಳು.

"ನನಗಲ್ಲ, ಆ ಬಲ್ಬಿಗೆ ಕೈ ಮುಗಿ," ಎಂದು ಅವನು ನಕ್ಕ.

ಅಕ್ಕ ನಿಜವಾಗಿಯೂ ಮುಗಿದಳು.