ಕೊಡಲಿಯ ಕಣ್ಣೊಳಗಿನ ಗೀರು

ವಸ್ತಾರೆಯ ಕೈಮರದ ಬಳಿ ಕುಲುಮೆ ಇಟ್ಟಿದ್ದ ಕಮ್ಮಾರ ಗುರುವಯ್ಯನಿಗೆ ಒಂದು ಚಟವಿತ್ತು. ಬೀಡಿಯಲ್ಲ, ಹೆಂಡವಲ್ಲ, ಹೆಸರು ಹೇಳುವ ಚಟ. ಕತ್ತಿ ತಟ್ಟಿಸಲು ಬಂದವರು ಕಬ್ಬಿಣ ಕಾಯುವ ತನಕ ಕೂತಿರಲೇಬೇಕಲ್ಲ. ಅಷ್ಟರೊಳಗೆ ಅವನು ಕಮ್ಮಾರ ಎಂಬ ಹೆಸರು ಹೊತ್ತು ಬಾಳಿದ ದೊಡ್ಡವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ತಿದಿಯ ಪಕ್ಕ ಕೂರಿಸಿಬಿಡುತ್ತಿದ್ದ. ಕಳಸದ ಮೇಲಿನ ಗುಡ್ಡದ ಗುಡಿಗೆ ಆನೆ ಗುದ್ದಿದರೂ ಜಗ್ಗದ ಅಗುಳಿ ಮಾಡಿಕೊಟ್ಟ ಕಮ್ಮಾರ ಮಂಜಯ್ಯ. ಗಂಡ ಸತ್ತ ಮೇಲೆ ತಾನೇ ಸುತ್ತಿಗೆ ಹಿಡಿದು ಪಾಳೇಗಾರನ ಕೋವಿ ರಿಪೇರಿ ಮಾಡಿ, ಅವನು ಕೂಲಿ ಕೊಡದಿದ್ದಾಗ ಕೋವಿಯನ್ನೂ ಕೊಡದೆ ಅಟ್ಟಿದ ಕಮ್ಮಾರ ತಿಮ್ಮಮ್ಮ. ಮೈಸೂರಿನ ದಸರಾ ಕುಸ್ತಿಯಲ್ಲಿ ಅರಮನೆಯ ಜಟ್ಟಿಯ ಬೆನ್ನಿಗೆ ಮಣ್ಣು ಮೆತ್ತಿದ ಕಮ್ಮಾರ ಶಂಕರ.

ಕೊನೆಗೆ ಎದೆ ಉಬ್ಬಿಸಿ, "ಈಗಿನವರಲ್ಲಿ ನಮ್ಮ ಓಂಕಾರ," ಎನ್ನುತ್ತಿದ್ದ.

ಹೆಂಡತಿ ದೇವೀರಮ್ಮನಿಗೆ ಇದು ಕೇಳಿ ಕೇಳಿ ಸಾಕಾಗಿತ್ತು. "ಅಷ್ಟೂ ಜನರ ಹೆಸರು ಹೇಳಿದ್ರಲ್ಲ, ಅದರಲ್ಲಿ ಒಬ್ರಾದ್ರೂ ಇದ್ದಲು ಸುಟ್ಟು ತಂದು ಹಾಕ್ತಾರಾ?" ಎಂದು ಒಳಗಿಂದಲೇ ಕುಟುಕುತ್ತಿದ್ದಳು.

ಓಂಕಾರಮೂರ್ತಿ ಅದೇ ಕುಲುಮೆಯ ಹುಡುಗ. ಅವನಪ್ಪ ಕೆಂಚಯ್ಯ ಮತ್ತು ಗುರುವಯ್ಯನ ಅಪ್ಪ ಒಂದೇ ಅಡಿಗಲ್ಲಿನ ಆಚೆ ಈಚೆ ನಿಂತು ಸುತ್ತಿಗೆ ಹಾಕಿದವರು. ಮಕ್ಕಳಿಬ್ಬರೂ ಸರದಿಯಲ್ಲಿ ತಿದಿ ಎಳೆದವರು. ಓಂಕಾರಮೂರ್ತಿಗೆ ಓದು ಹತ್ತಿತು, ಚಿಕ್ಕಮಗಳೂರಿನಲ್ಲಿ ವಕೀಲನಾದ, ಖಾದಿ ತೊಟ್ಟ. ಆದರೆ ಕಮ್ಮಾರ ಎಂಬ ಹೆಸರನ್ನು ಬಿಡಲಿಲ್ಲ. ಭಾಷಣಕ್ಕೆ ನಿಂತರೆ ಮೊದಲ ಮಾತೇ ಅದು: "ನಾನು ಕಮ್ಮಾರ ಓಂಕಾರಮೂರ್ತಿ. ಕಬ್ಬಿಣ ಬಗ್ಗಿಸಿದವನ ಮಗ. ಸರ್ಕಾರ ಬಗ್ಗಿಸೋದು ಎಷ್ಟರ ಮಾತು?" ಜನ ಚಪ್ಪಾಳೆ ತಟ್ಟುತ್ತಿದ್ದರು. ಹಿಂದಿನ ಸಾಲಿನಲ್ಲಿ ಕೂತ ಗುರುವಯ್ಯನ ಕಣ್ಣಲ್ಲಿ ನೀರು.

ಮಗ ಕುಲುಮೆ ಬಿಟ್ಟರೆ ಸತ್ತ ಅಪ್ಪನ ಸುತ್ತಿಗೆಯನ್ನು ಕೆಲಸ ಮಾಡುವ ಇನ್ನೊಬ್ಬ ಕಮ್ಮಾರನ ಕುಲುಮೆಯಲ್ಲಿ ಇಡಬೇಕು, ಅದು ಕಟ್ಟಳೆ. ಹಾಗಾಗಿ ಕೆಂಚಯ್ಯನ ಸುತ್ತಿಗೆ ಗುರುವಯ್ಯನ ಬಳಿ ಇತ್ತು. ಪ್ರತಿ ಆಯುಧಪೂಜೆಗೆ ಅದಕ್ಕೆ ಎಣ್ಣೆ ಸವರಿ ಕುಂಕುಮವಿಟ್ಟು, "ಇದು ಓಂಕಾರನ ಹೆಸರಲ್ಲಿ," ಎಂದು ಕಾಯಿ ಒಡೆಯುತ್ತಿದ್ದ.

ನಲವತ್ತೆರಡರ ಮಳೆಗಾಲ. ಊರೂರಲ್ಲಿ ಚಳುವಳಿ. ಒಂದು ಮಧ್ಯಾಹ್ನ ಓಂಕಾರಮೂರ್ತಿ ಕಂಬಳಿಕೊಪ್ಪೆ ಹಾಕಿಕೊಂಡು ಕುಲುಮೆಗೆ ಬಂದ.

"ಗುರುವಾ, ಕೊಡಲಿ ಬೇಕು ಮಾರಾಯ. ಮೂಡಿಗೆರೆ ರಸ್ತೆಗೆ ಮರ ಉರುಳಿಸ್ಬೇಕು. ಪೊಲೀಸ್ ವ್ಯಾನು ಈಚೆ ಬರಬಾರ್ದು."

"ನಿಂಗೆ ಇಲ್ಲ ಅಂತೀನಾ? ತಗ."

"ನಿನ್ನ ಮೂರು ಗೀರಿನ ಗುರುತು ಹಾಕ್ಬೇಡ. ಸಿಕ್ಕಿದ್ರೆ ನಿನ್ನ ಕುತ್ತಿಗೆಗೆ ಬರ್ತದೆ."

ಈ ಮಾತಿಗೆ ಗುರುವಯ್ಯ ಅಲ್ಲಾಡಿಹೋದ. ಜೈಲಿನ ಭಯ ಇತ್ತು. ಅವನ ಅನ್ನವೆಲ್ಲ ಎಸ್ಟೇಟುಗಳದ್ದು, ಅಲ್ಲಿನ ಬಿಳಿ ದೊರೆಗಳಿಗೆ ಗೊತ್ತಾದರೆ ಕುಲುಮೆ ಆರಿದಂತೆಯೇ. ಆದರೆ ಅದಕ್ಕಿಂತ ದೊಡ್ಡ ಭಯ ಗುರುತಿಲ್ಲದ ಕಬ್ಬಿಣದ್ದು. ಗುರುತಿಲ್ಲದ ಕೊಡಲಿ ಅಪ್ಪನಿಲ್ಲದ ಕೂಸು, ಹಿಡಿದವನ ಕಾಲಿಗೇ ಬೀಳುತ್ತದೆ ಎಂದು ಅವನ ಅಪ್ಪ ಹೇಳಿದ್ದ. ಚಳುವಳಿಯ ಹುಡುಗರ ಕಾಲು ತುಂಡಾಗಲಿ ಎಂದು ಹೇಗೆ ಕಳಿಸುವುದು? ಹಿಂದೆ ಗಂಧದ ಕಳ್ಳರಿಗೆ ಕೊಡಲಿ ಮಾಡುವಾಗ ಮುದುಕರು ಇದಕ್ಕೊಂದು ದಾರಿ ಹುಡುಕಿದ್ದರು. ಕಾವು, ಅಂದರೆ ಹಿಡಿ, ತೂರಿಸುವ ತೂತಿಗೆ ಕೊಡಲಿಯ ಕಣ್ಣು ಎನ್ನುತ್ತಾರೆ. ಆ ಕಣ್ಣಿನ ಒಳಮೈಗೆ ಉಳಿಯಿಂದ ಗೀರು ಹಾಕಿ, ಮೇಲೆ ಮರದ ಕಾವು ಜಡಿದುಬಿಟ್ಟರೆ ಆಯಿತು. ಹೊರಗಿನವನು ಕೊಡಲಿಯನ್ನು ಜನ್ಮವಿಡೀ ತಿರುಗಿಸಿ ನೋಡಿದರೂ ಕಾಣದು. ಕುಲುಮೆಯಲ್ಲಿ ಬೆಳೆದವನಿಗೆ ಮಾತ್ರ ಗೊತ್ತು. ಗುರುವಯ್ಯ ಹಾಗೇ ಮಾಡಿದ.

ಕೊಡಲಿಗಳನ್ನು ಗೋಣಿಗೆ ತುಂಬುವಾಗ ಓಂಕಾರಮೂರ್ತಿ ಒಂದನ್ನೆತ್ತಿ ಅದರ ಅಲಗಿನ ಎರಡೂ ಕೆನ್ನೆ ಸವರಿದ.

"ಗುರುತಿಲ್ಲ ತಾನೆ?"

"ಮೇಲೆ ಇಲ್ಲ," ಎಂದ ಗುರುವಯ್ಯ, ತುಟಿಯಂಚಿನಲ್ಲಿ ನಗುತ್ತ.

ಓಂಕಾರಮೂರ್ತಿಯೂ ನಕ್ಕ. "ನೀನು ಸುಧಾರಿಸಲ್ಲ ಬಿಡು." ಗುರುವಯ್ಯನಿಗೆ ಆ ನಗು ಇಷ್ಟವಾಯಿತು. ಇಷ್ಟು ದೊಡ್ಡ ಮನುಷ್ಯನಾದರೂ ಮರೆತಿಲ್ಲವಲ್ಲ!

ಮರಗಳು ಉರುಳಿದವು. ವ್ಯಾನು ತಿರುವಿನ ಆಚೆಯೇ ನಿಂತಿತು. ಪೊಲೀಸರು ಇಳಿದು ಓಡಿ ಬಂದಾಗ ಹುಡುಗರು ಕಾಫಿ ಗಿಡದ ನಡುವೆ ಚೆದುರಿದರು. ಕೆಸರಲ್ಲಿ ಒಂದು ಕೊಡಲಿ ಉಳಿಯಿತು. ಮರುದಿನ ಓಂಕಾರಮೂರ್ತಿಯನ್ನು ಮನೆಯಿಂದಲೇ ಹಿಡಿದರು. ಸುದ್ದಿ ಕೇಳಿ ಗುರುವಯ್ಯ ಊಟ ಬಿಟ್ಟ. "ಪಾಪ, ಅವನಿಗೆ ಒದೆ ತಿಂದು ಅಭ್ಯಾಸ ಇಲ್ಲ," ಎಂದು ಹೆಂಡತಿಯ ಮುಂದೆ ಪೇಚಾಡಿದ.

ಅದರಾಚೆ ಬೆಳಿಗ್ಗೆ ಇನ್ಸ್‌ಪೆಕ್ಟರು ಕುಲುಮೆಗೇ ಬಂದ. ಕೆಸರು ಮೆತ್ತಿದ ಕೊಡಲಿ ಒಬ್ಬ ಪೇದೆಯ ಕೈಯಲ್ಲಿತ್ತು.

"ಇದು ನಿಂದಾ?"

"ಅಲ್ಲ ಸ್ವಾಮಿ. ನಾನು ಮಾಡಿದ್ದಕ್ಕೆಲ್ಲ ಕೆನ್ನೆ ಮೇಲೆ ಮೂರು ಗೀರು ಇರ್ತದೆ. ಬೇಕಾರೆ ಎಸ್ಟೇಟಿನವ್ರನ್ನ ಕೇಳಿ."

ಇನ್ಸ್‌ಪೆಕ್ಟರು ಕೊಡಲಿಯನ್ನು ತಿರುಗಿಸಿ ಕೂಡ ನೋಡಲಿಲ್ಲ. ಪೇದೆಯ ಕಡೆ ಮುಖ ಮಾಡಿ, "ಕಾವು ಬಡಿದು ತೆಗಿಯೋ," ಎಂದ.

ಗುರುವಯ್ಯ ಹೆದರಿದ್ದು ಆಗ. ಬೂಟಿಗೂ ಅಲ್ಲ, ಲಾಠಿಗೂ ಅಲ್ಲ, ಆ ಒಂದು ಮಾತಿಗೆ. ಬಯಲುಸೀಮೆಯಿಂದ ಬಂದ ಈ ಪೊಲೀಸನಿಗೆ ಕೊಡಲಿಗೊಂದು ಕಣ್ಣಿದೆ ಎಂದೇ ಗೊತ್ತಿರಲಾರದು. ಆ ಕೊಡಲಿಯ ಒಳಗೆ ಏನಿದೆ ಎಂದು ತಿಳಿದವರು ಇಬ್ಬರೇ. ಒಬ್ಬ ಇಲ್ಲೇ ಕೈಕಟ್ಟಿ ನಿಂತಿದ್ದಾನೆ.

ಕಾವು ಕಳಚಿ ಬಿತ್ತು. ಮೂರು ಗೀರು ನಿಚ್ಚಳವಾಗಿದ್ದವು.

ಓಂಕಾರಮೂರ್ತಿ ಅದೇ ಸಂಜೆ ಎದೆನೋವೆಂಬ ಕಾರಣಕ್ಕೆ ಬಿಡುಗಡೆಯಾದ. ಗುರುವಯ್ಯನಿಗೆ ಜೈಲಾಯಿತು. ಎಸ್ಟೇಟಿನವರು ಕತ್ತಿ ಗುದ್ದಲಿಯನ್ನೆಲ್ಲ ಪೇಟೆಗೆ ಒಯ್ದರು. ದೇವೀರಮ್ಮ ಕೂಲಿಗೆ ಕಾಫಿ ಹಣ್ಣು ಕೊಯ್ಯಲು ತೋಟಕ್ಕೆ ಹೋದಳು. ಅಲ್ಲಿನ ಮೇಸ್ತ್ರಿ, "ಏನಮ್ಮಾ, ಎಲ್ಲಿ ನಿಮ್ಮ ಪೈಲ್ವಾನ್ರು, ವಕೀಲ್ರು?" ಎಂದು ಹಲ್ಲು ಕಿರಿಯುತ್ತಿದ್ದ. ವಕೀಲರು ಊರಲ್ಲೇ ಇದ್ದರು. ಒಂದು ಸಲವೂ ಅವಳ ಬಾಗಿಲಿಗೆ ಬರಲಿಲ್ಲ, ಗುರುವಯ್ಯನ ಪರವಾಗಿ ಕರಿಕೋಟು ತೊಡಲೂ ಇಲ್ಲ.

ಗುರುವಯ್ಯ ತಿರುಗಿ ಬಂದಾಗ ತಿದಿಯ ಚರ್ಮವನ್ನು ಇಲಿ ತಿಂದಿತ್ತು. ಹೊಲಿದು ತೇಪೆ ಹಾಕಿದ. ಯಾರ ಬಳಿಯೂ ಏನೂ ಹೇಳಲಿಲ್ಲ. ಆಯುಧಪೂಜೆಗೆ ಕೆಂಚಯ್ಯನ ಸುತ್ತಿಗೆಗೂ ಕುಂಕುಮವಿಟ್ಟ, ಆದರೆ ಅದು ಯಾರ ಹೆಸರಲ್ಲಿ ಎಂದು ಹೇಳಲಿಲ್ಲ.

ನಲವತ್ತಾರರಲ್ಲಿ ಗಾಳಿ ತಿರುಗಿತು, ಜೈಲು ಕಂಡವರಿಗೆ ಬೆಲೆ ಬಂತು. ಆಗ ಓಂಕಾರಮೂರ್ತಿಯ ಕಾರು ಕೈಮರದ ಬಳಿ ನಿಂತಿತು. ಕೈಯಲ್ಲಿ ಹಾರ.

"ಬಾ ಗುರುವಾ, ಮೂಡಿಗೆರೇಲಿ ಸಭೆ. ವೇದಿಕೆ ಮೇಲೆ ನನ್ನ ಪಕ್ಕ ಕೂರ್ಬೇಕು. ಕಮ್ಮಾರರೆಲ್ಲ ಒಂದೇ ಕುಲುಮೆಯವ್ರು ಅಂತ ಜನ ನೋಡ್ಲಿ."

ಗುರುವಯ್ಯ ಇಕ್ಕಳ ಕೆಳಗಿಟ್ಟ. "ಕಾವು ತೆಗಿ ಅಂತ ಅವ್ರಿಗೆ ಹೇಳಿದ್ದು ನೀವೇ ಅಲ್ವಾ?"

'ನೀವು' ಕೇಳಿ ಓಂಕಾರಮೂರ್ತಿ ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಶಲ್ಯ ಸರಿಮಾಡಿಕೊಂಡ.

"ಹಳೇದು ಯಾಕೆ ಕೆದಕ್ತೀಯ ಮಾರಾಯ. ನಾನು ಜೈಲಲ್ಲಿ ಕೂತಿದ್ರೆ ಜನರಿಗೆ ಹೇಳೋರು ಕೇಳೋರು ಇರ್ತಿರ್ಲಿಲ್ಲ. ನೀನು ಇಲ್ದಿದ್ರೂ ಚಳುವಳಿ ನಡೀತಿತ್ತು. ಅಷ್ಟೇ."

ಒಳಗಿಂದ ದೇವೀರಮ್ಮ ಬಂದಳು. "ಕೇಳಿದ್ರಾ? ಕೂಳಿಲ್ದೆ ನಾನೂ ಸಂಸಾರ ನಡ್ಸಿದೆ ಅಂತ ಅವ್ರಿಗೆ ಹೇಳಿ."

ಗುರುವಯ್ಯ ಮೂಲೆಗೆ ಹೋಗಿ ಕೆಂಚಯ್ಯನ ಸುತ್ತಿಗೆ ತಂದು ಓಂಕಾರಮೂರ್ತಿಯ ಕೈಗಿಟ್ಟ. ಎಣ್ಣೆ, ಮಸಿ ಎರಡೂ ಬಿಳಿ ಜುಬ್ಬಕ್ಕೆ ಹತ್ತಿದವು.

"ನಿಮ್ಮಪ್ಪಂದು. ಇಲ್ಲಿ ಇನ್ನು ಜಾಗ ಇಲ್ಲ. ತಗಂಡು ಹೋಗಿ."

ಕೊಟ್ಟಿದ್ದು ಶಾಪದಂತೆ. ಅವನು ತೆಗೆದುಕೊಂಡದ್ದು ಬೇರೆ ರೀತಿ. ಸಭೆಗೆ ಹೋಗಿದ್ದ ನೆರೆಯ ಚಿಕ್ಕಯ್ಯ ಸಂಜೆ ಏದುಸಿರು ಬಿಡುತ್ತ ಬಂದ.

"ಗುರುವಣ್ಣ, ಎಂಥ ಭಾಷಣ ಅಂತೀಯ! ಸುತ್ತಿಗೆ ಎತ್ತಿ ಹಿಡ್ದು, 'ನಲವತ್ತೆರಡರ ಕೊಡಲಿಗಳನ್ನ ನಾನು ಬಡಿದದ್ದು ಇದರಲ್ಲೇ' ಅಂದ್ರು. ಹೆಂಗಸರು ಸುತ್ತಿಗೆಗೇ ಹಾರ ಹಾಕಿದ್ರು!"

ಗುರುವಯ್ಯ ಬೆಂಕಿಗೆ ಇದ್ದಲು ಹಾಕಿದ. ಚಿಕ್ಕಯ್ಯ ಹೋದ ಮೇಲೆ ದೇವೀರಮ್ಮ ಕೇಳಿದಳು, ಈ ಸಲ ಕುಟುಕದೆ:

"ಇನ್ಮೇಲೆ ಹೆಸರು ಹೇಳೋದು ಎಲ್ಲಿಗೆ ನಿಲ್ಲಿಸ್ತೀರಿ?"

"ಪೈಲ್ವಾನ್ ಶಂಕರನಿಗೆ," ಎಂದು ಗುರುವಯ್ಯ ತಿದಿಯ ಹಗ್ಗ ಎಳೆದ.