ಸುಡಬೇಕಿದ್ದ ಫೈಲುಗಳಿಗೆ ಕಾವಲು ನಿಂತ ಫೈಲಕ್ಕ

ಬೆಳಗಿನ ಆರೂಕಾಲು. ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಏಣಿಯ ಮೂರನೇ ಮೆಟ್ಟಿಲ ಮೇಲೆ ನಿಂತು ಫೈಲಕ್ಕ ಒಂದು ಕಟ್ಟು ಎಳೆಯುತ್ತಾರೆ. ಕೆಳಗಿಳಿದು ಸ್ಟೂಲಿನ ಮೇಲೆ ಕೂರುತ್ತಾರೆ. ಉಸಿರು ಹತೋಟಿಗೆ ಬಂದ ಮೇಲೆ, ಮಾತಾಡಿಸಲು ಬಂದ ನನ್ನತ್ತ ತಿರುಗುತ್ತಾರೆ. ತುಟಿಯಲ್ಲಿ ತೆಳು ನೀಲಿ.

"ಹೆದರ್ಕೋಬೇಡಿ. ಹುಟ್ಟಿದಾಗಿಂದ ಇದೇ ಬಣ್ಣ."

ಐವತ್ತೊಂಬತ್ತರ ಈ ಅಟೆಂಡರ್ ಹೃದಯದ ದೋಷ ಹೊತ್ತೇ ಹುಟ್ಟಿದವರು. ಆರನೇ ವಯಸ್ಸಿನಲ್ಲಿ ಇದೇ ಆಸ್ಪತ್ರೆಯಲ್ಲಿ ಎದೆ ತೆರೆದು ಹೊಲಿದರು. ಅಲ್ಲಿಗೆ ಲೋಕದ ಪಾಲಿಗೆ ಆಕೆ 'ವಾಸಿಯಾದವಳು'.

"ಮೆಟ್ಟಿಲು ಹತ್ತಿದ್ರೆ ಕಣ್ಣು ಕತ್ತಲೆ ಬರುತ್ತೆ ಅಂದ್ರೆ, ವಯಸ್ಸಾಯ್ತಲ್ಲಕ್ಕ ಅಂತಾರೆ. ಇಪ್ಪತ್ತೈದಕ್ಕೂ ಬರ್ತಿತ್ತು, ಆಗ ಮೈಗಳ್ಳಿ ಅಂದ್ರು. ಮದುವೆ ಮಾತು ಮೂರು ಸಲ ಬಂತು. ಎದೆ ಮೇಲಿನ ಗಾಯದ ಸುದ್ದಿ ಕೇಳಿದ್ದೇ ತಡ, ಒಬ್ರೂ ಇತ್ತ ತಲೆ ಹಾಕಿಲ್ಲ."

ದಿನಕ್ಕೆ ನೂರಿಪ್ಪತ್ತು ಫೈಲು ತೆಗೆದಿಡುತ್ತಾರೆ. ಅದರಲ್ಲಿ ನಾಲ್ಕೈದು ಆಕೆಯಂಥವರದು. ಹುಟ್ಟಿನಿಂದ ಬಂದ ಹೃದ್ರೋಗವೆಂದರೆ ಮಕ್ಕಳ ಕಾಯಿಲೆಯಂತೆ! ಹಾಗಾಗಿ ತಲೆ ನರೆತವರೂ ಮಕ್ಕಳ ವಿಭಾಗಕ್ಕೇ ಹೋಗಿ, ಗೇಣೆತ್ತರದ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂರಬೇಕು.

"'ಮೊಮ್ಮಗು ಎಲ್ಲಮ್ಮ?' ಅಂತಾಳೆ ನರ್ಸು. ನಾನೇ ಕಣೇ ಆ ಮಗು ಅಂದೆ."

ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಕಳೆದ ವರ್ಷ ಆದೇಶ ಬಂತು: ಮೂವತ್ತು ವರ್ಷ ದಾಟಿದ ಫೈಲುಗಳನ್ನೆಲ್ಲ ಸುಟ್ಟುಬಿಡಿ. ಫೈಲಕ್ಕ ಅಧಿಕಾರಿಯ ಮೇಜಿನ ಮುಂದೆ ನಿಂತರು. "ಅಷ್ಟು ಹಳೇ ಮಕ್ಕಳು ಈಗ ಯಾರಿರ್ತಾರಕ್ಕ?" ಎಂದರು ಆತ.

"ಕಣ್ಣೆದುರಿಗೇ ನಿಂತಿದ್ದೀನಲ್ಲ ಸ್ವಾಮಿ!"

ಆತ ತಲೆ ಎತ್ತಲಿಲ್ಲ. ಫೈಲಕ್ಕ ಹೃದ್ರೋಗದ ಮಕ್ಕಳ ನಾನೂರ ಹನ್ನೆರಡು ಫೈಲುಗಳನ್ನು ಒಂಬತ್ತು ದಿನ ಎಳೆದೆಳೆದು, ಮುರಿದ ಮಂಚಗಳ ಕೋಣೆಯಲ್ಲಿ ಬಚ್ಚಿಟ್ಟರು. ಉಳಿದವು ಬೂದಿಯಾದವು.

ನಾಲ್ಕು ತಿಂಗಳಿಗೆ ಐವತ್ತೆಂಟರ ಗಾರೆ ಕೆಲಸದವರೊಬ್ಬರನ್ನು ಹೊತ್ತು ತಂದರು. ಎದೆಬಡಿತ ಹತೋಟಿ ತಪ್ಪಿತ್ತು. ಬಾಲ್ಯದಲ್ಲಿ ಯಾವ ನಾಳವನ್ನು ಯಾವುದಕ್ಕೆ ಜೋಡಿಸಿದ್ದರೋ, ಸ್ಕ್ಯಾನ್ ನೋಡಿದ ವೈದ್ಯರಿಗೆ ತಿಳಿಯಲಿಲ್ಲ. "ಚಿಕ್ಕಂದಿನಲ್ಲಿ ಇಲ್ಲೇ ಏನೋ ಆಪರೇಷನ್ ಆಗಿತ್ತಂತೆ" ಎಂದಷ್ಟೇ ಹೆಂಡತಿಗೆ ಗೊತ್ತು. ಇಪ್ಪತ್ತು ನಿಮಿಷದಲ್ಲಿ ಫೈಲಕ್ಕ ಏದುಸಿರು ಬಿಡುತ್ತ ಫೈಲು ತಂದುಕೊಟ್ಟರು. ಹಳದಿ ಹಾಳೆಯಲ್ಲಿ ಅಂದಿನ ಶಸ್ತ್ರವೈದ್ಯರು ರಕ್ತ ಹರಿಯುವ ದಾರಿಯನ್ನು ಪೆನ್ಸಿಲಿನಲ್ಲಿ ಬಿಡಿಸಿಟ್ಟಿದ್ದರು. ಅದನ್ನು ನೋಡಿ ವೈದ್ಯರು ಕೊಡಲಿದ್ದ ಔಷಧಿ ಬದಲಿಸಿದರು. ಆತ ಬದುಕಿದರು.

ಫೈಲಕ್ಕನಿಗೆ ಸಿಕ್ಕಿದ್ದು? ನೋಟಿಸು. ಅನುಮತಿಯಿಲ್ಲದೆ ದಾಖಲೆ ಸಾಗಿಸಿದ್ದೇಕೆ, ಮೂರು ದಿನದೊಳಗೆ ಸಮಜಾಯಿಷಿ ಕೊಡಿ!

ನಿವೃತ್ತಿಗೆ ಏಳು ತಿಂಗಳಿದೆ. ಏನು ಬೇಕು ನಿಮಗೆ ಎಂದು ಕೇಳುತ್ತೇನೆ.

"ನಮ್ಮಂಥೋರಿಗೂ ಅಂತ ಒಬ್ರು ಡಾಕ್ಟರು. 'ಹೇಗೆ ಬದುಕ್ತಿದ್ದೀರಿ' ಅಂತ ಕೇಳಿ, ಹೇಳಿ ಮುಗಿಸೋ ತನಕ ಕೂತಿರೋರು. ಅಷ್ಟೇಪ್ಪ."

ನೋಟಿಸಿಗೆ ಉತ್ತರ ಕೊಟ್ಟಿರಾ?

ಡ್ರಾಯರಿನಿಂದ ನಕಲು ಪ್ರತಿ ತೆಗೆದು ಚಾಚುತ್ತಾರೆ. ಇಡೀ ಹಾಳೆಯಲ್ಲಿ ದುಂಡಗಿನ ಅಕ್ಷರದ ಒಂದೇ ಸಾಲು: "ಇವರೆಲ್ಲ ಇನ್ನೂ ಬದುಕಿದ್ದಾರೆ, ಅದಕ್ಕೆ."