ಬೀದರಿನಲ್ಲಿ ಸಿಕ್ಕಿಕೊಂಡ ಹಲ್ಲು

ನಾನು ಪಾಠ ಹೇಳುವುದು ಗುತ್ತೂರಿನಾಚೆಯ ಒಂದು ಸಣ್ಣ ಸರ್ಕಾರಿ ಶಾಲೆಯಲ್ಲಿ. ಬೆಳಿಗ್ಗೆ ದಾವಣಗೆರೆಯ ವಿನೋಬನಗರದಿಂದ ಹೊರಟು, ಹರಿಹರದ ಬಸ್ಸಿನಲ್ಲಿ ಯಾರದೋ ಚೀಲ ತಿವಿಸಿಕೊಂಡು ನಿಂತು, ಅಲ್ಲಿಂದ ಆಟೊ ಹಿಡಿದು ಶಾಲೆ ಮುಟ್ಟುವ ಹೊತ್ತಿಗೆ ನನ್ನ ಸಿಟ್ಟು ಹದವಾಗಿ ಕಾದಿರುತ್ತದೆ. ಆ ವರ್ಷವಂತೂ ಬಲಗಡೆಯ ದವಡೆಹಲ್ಲೊಂದು ವಿಪರೀತ ನೋಯುತ್ತಿತ್ತು. ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರಿಗೇನೂ ಬರವಿಲ್ಲ, ಬೀದಿಗೊಬ್ಬರಿದ್ದಾರೆ. ಆದರೆ ನನಗೆ ಆ ಕುರ್ಚಿ ಕಂಡರಾಗದು. ಎಡಗಡೆಯಿಂದ ಅಗಿಯುತ್ತಾ, ಬಲಗಡೆಯ ಸಿಟ್ಟನ್ನೆಲ್ಲ ಮನೆಯವರ ಮೇಲೆ ತೀರಿಸಿಕೊಳ್ಳುತ್ತಾ ದಿನ ದೂಡುತ್ತಿದ್ದೆ.

ನನ್ನದು ನಲಿಕಲಿ ಕೋಣೆ. ಒಂದರಿಂದ ಮೂರನೇ ತರಗತಿಯ ಮಕ್ಕಳೆಲ್ಲ ಅಲ್ಲೇ ಗುಂಪುಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಅವರಲ್ಲಿ ಎರಡನೇ ತರಗತಿಯ ಒಬ್ಬ ಹುಡುಗಿ. ಅಪ್ಪನಿಗೆ ಹತ್ತಿರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ನಂದಿಗುಡಿಯ ಅಜ್ಜಿ ಮನೆ ಬಿಟ್ಟು, ಇಲ್ಲಿ ತಗಡಿನ ಶೀಟು ಹೊದಿಸಿದ ಬಾಡಿಗೆ ಮನೆಗೆ ಬಂದಿದ್ದರು. ಓದುವುದರಲ್ಲಿ ಅವಳದು ಮೈಕ್ ಬೇಡದ ಗಂಟಲು. ಅವಳು ‘ಆನೆ’ ಎಂದು ಓದಿದರೆ ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು. ಅಂಥವಳು ಒಂದು ಸೋಮವಾರ ಬಾಯಿಗೆ ಬೀಗ ಜಡಿದುಕೊಂಡು ಬಂದಳು.

ಓದು ಎಂದರೆ ಇಲ್ಲ. ಹೆಸರು ಕೂಗಿದರೆ ಬರೀ ಕೈ ಎತ್ತುತ್ತಾಳೆ. ಬೆಳಗಿನ ಹಾಲನ್ನು ತುಟಿ ಬಿಚ್ಚದೆ ಹೀರಿದಳು. ಮಧ್ಯಾಹ್ನ ಅನ್ನ ಬಿಟ್ಟು ಸಾಂಬಾರಿನ ನೀರನ್ನಷ್ಟೇ ಕುಡಿದು, ಮೊಟ್ಟೆಯನ್ನು ಪಕ್ಕದವಳ ತಟ್ಟೆಗೆ ಉರುಳಿಸಿದಳು. ಮರುದಿನವೂ ಅದೇ ಪಾಡು. ಮೊದಲೇ ಕಡ್ಡಿಯಂಥ ಹುಡುಗಿ.

ಮೂರನೆಯ ದಿನ ಅವಳನ್ನು ಅಡುಗೆ ಕೋಣೆಯ ಹಿಂದೆ ಕರೆದೊಯ್ದು ಕೇಳಿದೆ. ಬಾಯಿಗೆ ಅಂಗೈ ಅಡ್ಡ ಹಿಡಿದು ಹೇಳಿದಳು.

“ಹಲ್ಲು ವಾಪಸ್ ಬಂತ್ರಿ ಮಿಸ್.”

ಸಂಗತಿ ಇಷ್ಟು. ಭಾನುವಾರ ಮುಂದಿನ ಹಾಲುಹಲ್ಲು ಬಿದ್ದಿದೆ. ಅಜ್ಜಿ ಫೋನಿನಲ್ಲೇ ವಿಧಿವಿಧಾನ ಹೇಳಿದ್ದಾರೆ: ಹಸುವಿನ ಸಗಣಿಯಲ್ಲಿಟ್ಟು ಉಂಡೆ ಕಟ್ಟಬೇಕು, ಮಾಡಿನ ಮೇಲೆ ಎಸೆಯಬೇಕು, ಎಸೆದ ಮೇಲೆ ತಿರುಗಿ ನೋಡಬಾರದು. ನಂದಿಗುಡಿಯ ಹೆಂಚಾಗಿದ್ದರೆ ಉಂಡೆ ಸುಮ್ಮನೆ ಕೂರುತ್ತಿತ್ತು. ಇಲ್ಲಿಯ ತಗಡಿನ ಶೀಟು ಅದನ್ನು ಜಾರುಬಂಡೆ ಆಡಿಸಿ, ಅಂಗಳದಲ್ಲಿ ನಿಂತಿದ್ದ ಇವಳ ಕಾಲ ಬಳಿಗೇ ತಂದು ಹಾಕಿದೆ. ಮನೆ ಮೇಲೆ ನಿಲ್ಲದ ಹಲ್ಲಿನ ಜಾಗದಲ್ಲಿ ಹೊಸದು ಹುಟ್ಟುವುದೇ ಇಲ್ಲ, ಜೀವನಪೂರ್ತಿ ಕಿಂಡಿಯೇ ಗತಿ ಎಂದು ಪಕ್ಕದ ಮನೆಯ ಅಕ್ಕ ತೀರ್ಪು ಕೊಟ್ಟಿದ್ದಾಳೆ. ಆ ಕಿಂಡಿ ಯಾರಿಗೂ ಕಾಣಬಾರದೆಂದು ಇವಳ ಬಾಯಿ ಬಂದ್.

ನಾನು ಓದಿದವಳಲ್ಲವೇ, ಕಪ್ಪುಹಲಗೆಯ ಮೇಲೆ ದೊಡ್ಡದೊಂದು ದವಡೆ ಬರೆದೆ. ಹೊಸ ಹಲ್ಲು ಒಸಡಿನೊಳಗೆ ಆಗಲೇ ತಯಾರಾಗಿ ಕೂತಿರುತ್ತದೆ, ಅದಕ್ಕೂ ಸಗಣಿಗೂ ಸಂಬಂಧವಿಲ್ಲ ಎಂದು ಗಂಟಲು ಹರಿಯುವಂತೆ ವಿವರಿಸಿದೆ. ಇಡೀ ಕೋಣೆ ಮರ್ಯಾದೆಯಿಂದ ಕೇಳಿತು. ಮಧ್ಯಾಹ್ನ ಅವಳ ಮೊಟ್ಟೆ ಮತ್ತೆ ಪಕ್ಕದವಳ ತಟ್ಟೆಗೆ ಹೋಯಿತು.

ಆಗ ನಾನು ವಿಜ್ಞಾನವನ್ನು ಮಡಚಿಟ್ಟೆ. ಹಲ್ಲು ಎಲ್ಲಿದೆ ಎಂದೆ. ಅವಳು ಚೀಲದಿಂದ ಖಾಲಿ ಕುಂಕುಮದ ಡಬ್ಬಿ ತೆಗೆದಳು. ನಮ್ಮ ಶಾಲೆಯ ಹಳೆಯ ಕೊಠಡಿಗೆ ಇನ್ನೂ ಹೆಂಚಿನ ಮಾಡೇ ಇದೆ, ಅಪ್ಪಟ ನಂದಿಗುಡಿ ಮಾದರಿ. ನಾನೇ ಎಸೆಯುತ್ತೇನೆ, ಕಾಲೇಜಿನಲ್ಲಿ ಥ್ರೋಬಾಲ್ ಆಡಿದವಳು ಎಂದು ಭರವಸೆ ಕೊಟ್ಟೆ. ಆಡಿದ್ದು ನಿಜ. ಬಹುತೇಕ ಪಂದ್ಯಗಳಲ್ಲಿ ಹೊರಗೆ ಕೂತು ಆಡಿದ್ದು ಎಂಬುದನ್ನು ಹೇಳಲಿಲ್ಲ.

ಸಗಣಿ ಹುಡುಕುವುದೇ ಒಂದು ಸಾಹಸವಾಯಿತು. ಶಾಲೆಯ ಸುತ್ತ ಬೈಕುಗಳಿಗೆ ಲೆಕ್ಕವಿಲ್ಲ, ಹಸು ಮಾತ್ರ ಕಾಣುವುದಿಲ್ಲ. ಅಡುಗೆಯ ಅಕ್ಕ ಮೊದಲು ತಂದದ್ದನ್ನು ಹುಡುಗಿ ಬಗ್ಗಿ ಪರೀಕ್ಷಿಸಿ ತಲೆಯಾಡಿಸಿದಳು. ಅದು ಎಮ್ಮೆಯದು. ಅಕ್ಕ ಗೊಣಗಿಕೊಂಡು ಮತ್ತೆ ಹೋಗಿ, ಅಸಲಿ ಮಾಲಿನೊಂದಿಗೆ ಬಂದಳು. ಹಾಗೆ ಮರುದಿನ ಊಟದ ಗಂಟೆಗೆ ಮುಂಚೆ ನಲಿಕಲಿ ಕೋಣೆಯ ಮಕ್ಕಳೆಲ್ಲ ಹೆಂಚಿನ ಕೊಠಡಿಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ ಸಾಲಾಗಿ ನಿಂತರು. ನಾನು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಉಂಡೆ ಎಸೆದೆ. ವಿಧಿಯಂತೆ ತಕ್ಷಣ ತಿರುಗಿ, ಗತ್ತಿನಿಂದ ಹೆಜ್ಜೆ ಹಾಕಿದೆ.

ಹಿಂದಿನಿಂದ ‘ಪಚ್’ ಎಂದು ಸದ್ದು ಬಂತು. ಆ ಸದ್ದು ಬಂದ ಎತ್ತರ ನನಗೆ ಸರಿಕಾಣಲಿಲ್ಲ. ಆದರೆ ತಿರುಗಿ ನೋಡುವಂತಿಲ್ಲವಲ್ಲ. ಎದುರಿಗೆ ಗೇಟಿನಿಂದ ಹೆಡ್‌ಮಾಸ್ಟ್ರು ಬರುತ್ತಿದ್ದರು. ಅವರ ಮುಖ ನೋಡಿಯೇ ನನಗೆ ಎಲ್ಲ ಗೊತ್ತಾಯಿತು.

ಹೆಂಚಿನ ಕೊಠಡಿಯ ಹೊರಗೋಡೆಯ ಮೇಲೆ ಅವರು ಊರವರನ್ನು ಕಾಡಿ ಬೇಡಿ ಬರೆಸಿದ ಕರ್ನಾಟಕದ ನಕ್ಷೆ ಇತ್ತು. ಗೋಡೆಯ ತುದಿಯವರೆಗೂ ಬರುವ ಬಣ್ಣಬಣ್ಣದ ನಕ್ಷೆ. ಮಕ್ಕಳು ಅದಕ್ಕೆ ಒರಗಿದರೂ ಹೆಡ್‌ಮಾಸ್ಟ್ರ ಜೀವ ಹೋಗುತ್ತಿತ್ತು. ಈಗ ಅದರ ನೆತ್ತಿಯಲ್ಲಿ, ಸರಿಯಾಗಿ ಬೀದರ್ ಜಿಲ್ಲೆಯ ಮೇಲೆ, ನನ್ನ ಉಂಡೆ ಕಚ್ಚಿಕೊಂಡಿತ್ತು.

ಹೆಡ್‌ಮಾಸ್ಟ್ರು ಹತ್ತಿರ ಬಂದು ಕತ್ತೆತ್ತಿ ನೋಡಿದರು. ಆಮೇಲೆ ಗಳ ತರಲು ಹೇಳಿದರು. ಇನ್ನೇನು ಆಫೀಸರು ಶಾಲೆ ನೋಡಲು ಬರುವವರಿದ್ದಾರೆ, ಅಷ್ಟರಲ್ಲಿ ಬೀದರ್ ಸ್ವಚ್ಛವಾಗಬೇಕು ಎಂದರು. ನಾನು ಅಡ್ಡ ನಿಂತೆ. ಕೆರೆದರೆ ಹಲ್ಲು ಕೆಳಗೆ ಬೀಳುತ್ತದೆ, ಎರಡನೇ ಸಲ ಬಿದ್ದರೆ ಈ ಹುಡುಗಿ ಉಪವಾಸ ಸಾಯುತ್ತಾಳೆ ಎಂದು ರೇಗಿದೆ. ಮಕ್ಕಳಲ್ಲೇ ಎರಡು ಪಕ್ಷವಾಯಿತು. ಬಿದ್ದಿಲ್ಲವಾದ್ದರಿಂದ ಲೆಕ್ಕಕ್ಕಿದೆ ಎನ್ನುವವರು ಕೆಲವರು, ಗೋಡೆ ಹೇಗೆ ಮಾಡಾಗುತ್ತದೆ ಎನ್ನುವವರು ಕೆಲವರು. ನನ್ನ ಎರಡು ಮಾತಿಗೊಂದು ಅಡ್ಡಮಾತು ಹಾಕುವ ಹೆಡ್‌ಮಾಸ್ಟ್ರು ಕೂಡ ಗಳ ಹಿಡಿದುಕೊಂಡೇ ಈ ಚರ್ಚೆಯಲ್ಲಿ ಮುಳುಗಿದರು. ಹುಡುಗಿ ಮಾತ್ರ ತುಟಿ ಇನ್ನಷ್ಟು ಬಿಗಿದು ನಿಂತಿದ್ದಳು. ಅವಳ ಕಣ್ಣು ತುಂಬಿದ್ದು ಕಂಡು ನನ್ನ ಹಲ್ಲುನೋವು ಕಿವಿಯವರೆಗೂ ಏರಿತು.

ಕೊನೆಗೆ ಹೆಡ್‌ಮಾಸ್ಟ್ರೇ ಅವಳ ಅಪ್ಪನಿಂದ ನಂಬರು ಪಡೆದು ನಂದಿಗುಡಿಗೆ ಫೋನ್ ಹಚ್ಚಿದರು. ಸ್ಪೀಕರ್ ಹಾಕಿ, ನನ್ನ ಎಸೆತದ ವಿಷಯವನ್ನು ಬೇಕಾದ್ದಕ್ಕಿಂತ ಹೆಚ್ಚು ವಿವರವಾಗಿ ಹೇಳಿ, ಫೋನು ನನ್ನ ಕೈಗೆ ಕೊಟ್ಟರು. ಅಜ್ಜಿ ನನ್ನನ್ನೇ ಕೇಳಿದರು.

“ಅದು ಹುಡುಗಿ ಕೈಗೆ ಎಟುಕ್ತೈತೇನ್ರಿ ಅಕ್ಕೋರೆ?”

ಇಲ್ಲ ಎಂದೆ.

“ನಿಮ್ಮ ಕೈಗೆ?”

ನನಗೂ ಎಟುಕುವುದಿಲ್ಲ ಎಂದೆ.

“ಹಂಗಾರೆ ಅದು ಮ್ಯಾಲೇ ಐತೆ. ಉಣ್ಣಾಕೆ ಹೇಳ್ರಿ ಅದಕ್ಕೆ.”

ಹುಡುಗಿ ನಕ್ಷೆಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಬಾಯಿ ಬಿಟ್ಟು ನಕ್ಕಳು. ಮುಂದೆ ಚೆಂದದ ಒಂದು ಕಿಂಡಿ. ಅಂದು ಅವಳು ಅನ್ನ ಎರಡು ಸಲ ಹಾಕಿಸಿಕೊಂಡಳು. ತನ್ನ ಮೊಟ್ಟೆಯ ಜೊತೆಗೆ, ಇಷ್ಟು ದಿನ ಲಾಭ ಮಾಡಿಕೊಂಡಿದ್ದ ಪಕ್ಕದವಳ ಮೊಟ್ಟೆಯಲ್ಲೂ ಅರ್ಧ ವಸೂಲಿ ಮಾಡಿದಳು. ಮಧ್ಯಾಹ್ನ ಅವಳು ‘ಆನೆ’ ಎಂದು ಓದಿದಾಗ ನನಗೆ ಅಳು ಬಂತು. ಹಲ್ಲುನೋವು ಎಂದು ಹೇಳಿ ಮುಖ ಒರೆಸಿಕೊಂಡೆ.

ಆಫೀಸರು ಬಂದಾಗ ನಕ್ಷೆಯ ಮೇಲಿನ ಆ ಗಂಟು ಏನೆಂದು ಕೇಳಿದರು. ಹೆಡ್‌ಮಾಸ್ಟ್ರು ಕಣ್ಣು ಮಿಟುಕಿಸದೆ ಅದು ಬೀದರ್ ಕೋಟೆ ಎಂದುಬಿಟ್ಟರು. ಮಕ್ಕಳು ಒಕ್ಕೊರಲಿನಿಂದ ತಿದ್ದಿದರು. ಆಫೀಸರು ಇಡೀ ಕಥೆ ಕೇಳಿ, ಆಮೇಲೆ ಮಾಡಿನತ್ತ ಒಮ್ಮೆ, ನನ್ನತ್ತ ಒಮ್ಮೆ ನೋಡಿ, ಮೇಡಂ ನಿಂತದ್ದು ಎಲ್ಲಿ ಎಂದು ಕೇಳಿದರು. ಅಷ್ಟು ಹತ್ತಿರದಿಂದಲೂ ತಪ್ಪಿತೇ ಎಂಬುದು ಅವರ ಸಂಶಯ. ಒಂದು ಲಾಭವಾಯಿತು, ನಮ್ಮ ಶಾಲೆಯಲ್ಲಿ ಒಂದನೇ ತರಗತಿಯ ಮಗುವಿಗೂ ಬೀದರ್ ಎಲ್ಲಿದೆ ಎಂದು ಗೊತ್ತು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಬಾಯಿ ಬಿಟ್ಟ ಹುಡುಗಿ ಈಗ ಪ್ರಶ್ನೆ ಕೇಳಲು ಶುರುಮಾಡಿದಳು. ಶೇಂಗಾ ಚಿಕ್ಕಿ ಹಂಚುವ ದಿನ ನನ್ನ ಪಾಲನ್ನು ನಾನು ಅಡುಗೆಯ ಅಕ್ಕನಿಗೆ ದಾಟಿಸುವುದನ್ನು ನೋಡಿದಳು. ಯಾಕೆ ತಿನ್ನುವುದಿಲ್ಲ ಎಂದು ಎಲ್ಲರ ಮುಂದೆ ಕೇಳಿದಳು. ಹಲ್ಲುನೋವು ಎಂದೆ. ಡಾಕ್ಟರ ಬಳಿ ಯಾಕೆ ಹೋಗಿಲ್ಲ ಎಂದಳು. ಪುರುಸೊತ್ತಿಲ್ಲ ಎಂದೆ. ಅವಳು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಮೊಟ್ಟೆ ಉರುಳಿಸುವಾಗ ಅವಳನ್ನು ನಾನು ಹಾಗೆಯೇ ನೋಡಿದ್ದೆ.

“ಹೆದರಬ್ಯಾಡ್ರಿ ಮಿಸ್. ಹಲ್ಲು ಮಾತ್ರ ಅಲ್ಲೇ ಬಿಟ್ಟು ಬರಬ್ಯಾಡ್ರಿ.”

ಮಕ್ಕಳ ಕಾಟ ತಾಳಲಾರದೆ ಒಂದು ಶನಿವಾರ ಆ ಕುರ್ಚಿಯಲ್ಲಿ ಕೂತೆ. ಮನೆಯವರ ಕೈಯನ್ನು ಎಷ್ಟು ಹಿಂಡಿದೆನೆಂದರೆ ಅವರಿಗೂ ನೋವಿನ ಮಾತ್ರೆ ಬೇಕಾಯಿತು. ಕಿತ್ತ ಮೇಲೆ, ಅರ್ಧ ಬಾಯಿ ಮರಗಟ್ಟಿದ್ದರೂ, ಹಲ್ಲು ಕೊಡಿ ಎಂದು ಸನ್ನೆ ಮಾಡಿದೆ. ಶಾಲೆಗೆ ಬೇಕು ಎಂದು ಮನೆಯವರು ವಿವರಿಸಿದರು. ವಿಜ್ಞಾನದ ಪಾಠಕ್ಕಿರಬೇಕು ಎಂದುಕೊಂಡ ಎಳೆಯ ಡಾಕ್ಟರು ಬಹಳ ಮೆಚ್ಚಿ, ಹತ್ತಿಯಲ್ಲಿ ಸುತ್ತಿ ಕೊಟ್ಟರು.

ಸೋಮವಾರ ಸಗಣಿ ನನಗಿಂತ ಮೊದಲೇ ಶಾಲೆಗೆ ಬಂದಿತ್ತು. ಉಂಡೆ ಕಟ್ಟಿದ ಹುಡುಗಿ ಅದನ್ನು ನನ್ನ ಕೈಗೆ ಕೊಡಲಿಲ್ಲ. ನೀವು ಬೇಡ ಮಿಸ್ ಎಂದು ಮೆತ್ತಗೆ ಹೇಳಿದಳು. ಹೆಡ್‌ಮಾಸ್ಟ್ರು ನಕ್ಷೆಯ ಮುಂದೆ ಎರಡೂ ಕೈ ಚಾಚಿ ಕಾವಲು ನಿಂತರು. ನಾನು ಮಕ್ಕಳ ಸಾಲಿನಲ್ಲಿ ಬೆನ್ನು ಹಾಕಿ, ಕಣ್ಣು ಮುಚ್ಚಿ ನಿಂತೆ. ಹೆಂಚಿನ ಮೇಲೆ ‘ಟಪ್’ ಎಂದಿತು. ಮತ್ತೆ ಯಾವ ಸದ್ದೂ ಬರಲಿಲ್ಲ.

ಅವಳಿಗೆ ಈಗ ಹೊಸ ಹಲ್ಲು ಬಂದಿದೆ, ಮುಖಕ್ಕಿಂತ ಒಂದು ಅಳತೆ ದೊಡ್ಡದು. ದಿನಾ ಊಟಕ್ಕೆ ಮುಂಚೆ ನನ್ನ ಬಾಯಿ ತೆಗೆಸಿ, ಬಲಗಡೆ ಇಣುಕಿ ನೋಡುತ್ತಾಳೆ. ಇನ್ನೂ ಬಂದಿಲ್ಲ ಎಂದು ಸಮಾಧಾನ ಹೇಳುತ್ತಾಳೆ.

“ದೊಡ್ಡೋರ್ದು ತಡ ಆಗ್ತೈತ್ರಿ ಮಿಸ್. ನೀವು ಉಣ್ರಿ.”

ಮುಂದೆ ಯಾವುದೋ ತರಗತಿಯಲ್ಲಿ ಹಲ್ಲಿನ ಪಾಠ ಬರುತ್ತದೆ. ದೊಡ್ಡವರ ಹಲ್ಲು ಬಿದ್ದರೆ ಮತ್ತೆ ಹುಟ್ಟುವುದಿಲ್ಲ ಎಂದು ಅದರಲ್ಲಿ ಇದ್ದೇ ಇರುತ್ತದೆ. ಆ ಪಾಠ ನನ್ನ ಪಾಲಿಗೆ ಬಾರದಿರಲಿ ಎಂದುಕೊಳ್ಳುತ್ತಾ ನಾನು ದಿನಾ ಬಾಯಿ ತೆಗೆಯುತ್ತೇನೆ.